ಲೈಟ್ ಗ್ರೇ

ಎದುರಿಗೆ ಬರುತ್ತಿರುವ ಬಸ್ಸಿನ ಹಣೆಯ ಮೇಲೆ ಭದ್ರಾವತಿ, ಕಪ್ಪು ಹಲಗೆ, ಹಳದಿ ಅಕ್ಷರ, ಎಷ್ಟು ದಪ್ಪ, ಈ ಬಸ್ಸಿನ ಕಿಟಕಿಯಲ್ಲಿ ಕೂತೇ ಓದಬಹುದು, ಇದನ್ನು ಬರೆದವನಿಗೆ ಯಾರೂ ಹೇಳಲಿಲ್ಲವೇ ಸ್ವಲ್ಪ ಪ್ರೀಮಿಯಂ ಆಗಿ ಕಾಣಲಿ ಅಂತ — ನನಗೆ ಹೇಳಿದರು, ನಾನು ವೆಬ್‌ಸೈಟು ಮಾಡಿಕೊಟ್ಟ ವಿದ್ಯಾನಗರದ ಕಣ್ಣಿನ ಡಾಕ್ಟರು ಸುದರ್ಶನ, ಮಂಜುಶ್ರೀ ಆ ದಪ್ಪ ಅಕ್ಷರ ತೆಗೀರಿ, ವೆಬ್‌ಸೈಟು ರೇಷನ್ ಅಂಗಡಿ ಬೋರ್ಡ್ ಥರ ಇದೆ, ಲೈಟ್ ಗ್ರೇ ಹಾಕಿ, ಮೇಲೆ ನನ್ನ ಫೋಟೋ ಸ್ಲೈಡ್ ಆಗ್ತಾ ಇರ್ಲಿ — ಸರ್, ಬರೋರೆಲ್ಲ ಕಣ್ಣು ಕಾಣದೋರು, ಅಂದೆ, ನಕ್ಕರು, ಅವ್ರ ಮಕ್ಕಳು ಬುಕ್ ಮಾಡ್ತಾರೆ ಬಿಡಿ. ಹೇಳಿದ್ದನ್ನೇ ಹೇಳಿ ಹೇಳಿ ಬಾಯಿ ನೋಯುತ್ತಿತ್ತು. ಸುಸ್ತು. ನಿನ್ನೆ ಬುಕ್ ಮಾಡುವ ಗುಂಡಿಯನ್ನೂ ಸೇರಿಸಿ ಎಲ್ಲ ಬದಲಿಸಿ ಲೈವ್ ಮಾಡಿದೆ, ಗೋಪಾಳದ ನನ್ನ ಮನೆಗೆ ಹೋಗಿ ತಣ್ಣಗಿನ ಅನ್ನ ಸಾರು ಉಂಡೆ, ಲಿಂಗಮ್ಮತ್ತೆಗೆ ತೋರಿಸಲೇ ಇಲ್ಲ — ಏನು ಮಾಡಿದರೂ ಮೊದಲು ಅತ್ತೆಯ ಕೈಗೆ ಕೊಡುವುದು ನನ್ನ ಪದ್ಧತಿ, ಅಪ್ಪನ ತಂಗಿ, ಭದ್ರಾವತಿಯ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿಯುತ್ತಾಳೆ, ಎಡಗಣ್ಣು ಹೋಗಿಯಾಯಿತು, ಬಲಗಣ್ಣಿನಲ್ಲಿ ಒತ್ತಡ ಏರುತ್ತಿದೆ, ತಡ ಮಾಡಬೇಡಿ ಅಂದಿದ್ದಾರೆ. ಹೋದ ವಾರ ದಪ್ಪ ಅಕ್ಷರ ಇದ್ದಾಗ ಒತ್ತಿ ನೋಡು ಅಂತ ಕೊಟ್ಟಿದ್ದೆ, ಹೆಬ್ಬೆರಳು ಗಾಳಿಯಲ್ಲಿ ಒಂದು ಕ್ಷಣ ನಿಂತು, ಆಮೇಲೆ ನೇರ ಗುಂಡಿಯ ಮೇಲೇ ಇಳಿಯಿತು — ಇಷ್ಟೇನಾ ಮಾರಾಯ್ತಿ, ಇನ್ನು ಮನೇಲಿ ಸೊಸೆ ಹತ್ರ ಗೋಗರೆಯೋದು ಬೇಡ — ಆ ಮುಖ ನೋಡಿ ನನಗೇ ಅಳು ಬಂದಿತ್ತು.

ಫೋನು, ಅತ್ತೆಯದೇ, ಬಸ್ಸಿನ ಸದ್ದಿಗೆ ಇನ್ನೊಂದು ಕಿವಿ ಮುಚ್ಚಿಕೊಳ್ಳುತ್ತೇನೆ, ಮಂಜೂ, ಬುಕ್ ಮಾಡ್ದೆ ಕಣೆ, ನಾನೇ, ನಾಳೆಗೆ — ಹೇಗತ್ತೆ — ಡಾಕ್ಟ್ರ ಮುಖ ಒತ್ತಿದೆ, ನಗ್ತಾ ಪಕ್ಕಕ್ಕೆ ಹೋದ್ರು, ಆಯ್ತು ಅಂತ ತಾನೇ — ಕೆಳಗೆ ಗುಂಡಿ ಇತ್ತಲ್ಲತ್ತೆ — ಯಾವ ಗುಂಡಿ, ಅಲ್ಲೇನೂ ಇಲ್ವಲ್ಲ, ಬೆಳ್ಳಗಿದೆ, ನನ್ ಕಣ್ಣೇ ಸರಿ ಇಲ್ಲ ಬಿಡು, ನಾಳೆ ಮೊದಲ್ನೇ ಬಸ್ಸಿಗೆ ಬರ್ತೀನಿ, ನೀನ್ ಬರ್ಬೇಡ, ಬಸ್ಸಿನ ಬೋರ್ಡು ನಂಗೆ ಓದಕ್ಕಾಗುತ್ತೆ. ಹೂಂ ಅಂದೆ. ಈಗಲೇ ನಾನು ಬುಕ್ ಮಾಡಬಹುದು, ಮಾಡುತ್ತೇನೆ, ಅತ್ತೆಗೆ ಗೊತ್ತೂ ಆಗುವುದಿಲ್ಲ, ಆದರೆ ಹೊಳೆಹೊನ್ನೂರಿನಲ್ಲಿ ಯಾರೋ ಒಬ್ಬರು, ನಾನು ಯಾರ ಸೊಸೆಯೂ ಅಲ್ಲವೋ ಮಗಳೂ ಅಲ್ಲವೋ ಅಂಥ ಯಾರೋ ಒಬ್ಬರು, ಅವರೂ ಹೀಗೇ ಬುಕ್ ಆಯಿತು ಅಂದುಕೊಂಡು ಇಸ್ತ್ರಿ ಸೀರೆ ತೆಗೆದಿಟ್ಟುಕೊಳ್ಳುತ್ತಾರೆ, ಡಾಕ್ಟರಿಗೆ ಫೋನ್ ಮಾಡಬೇಕು, ಮತ್ತೆ ಅದೇ ಮಾತು ಮೊದಲಿನಿಂದ, ಎಷ್ಟು ಸುಸ್ತು, ಮಾಡಬೇಕು, ಸುದರ್ಶನ ನಗುತ್ತಾ ಪಕ್ಕಕ್ಕೆ ಸರಿಯುತ್ತಾರೆ, ಮತ್ತೆ ಬರುತ್ತಾರೆ, ಮತ್ತೆ ಸರಿಯುತ್ತಾರೆ, ಹೆಬ್ಬೆರಳು ಇಳಿಯುತ್ತದೆ, ಅತ್ತೆಯ ಹೆಬ್ಬೆರಳು, ಅದರ ಕೆಳಗೆ ಏನೂ ಇಲ್ಲ, ಬರೀ ಬೆಳ್ಳಗೆ