ಬಿಸಿ ಮುದ್ದೆ

ನಜರ್‌ಬಾದಿನ ಜಟಕಾ ಸ್ಟ್ಯಾಂಡಿನ ಹತ್ತಿರ ಯಾರನ್ನಾದರೂ ನಿಲ್ಲಿಸಿ ನಿಂಗಯ್ಯನ ಹೋಟೆಲು ಎಲ್ಲಿ ಎಂದು ಕೇಳಿ, ಕೈ ಮಾಡಿ ತೋರಿಸುತ್ತಾರೆ. ನಿಂಗಯ್ಯ ನನ್ನ ಗಂಡ. ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸಿ, ಎಲೆ ಹಾಕಿ, ಸಾರು ಬಿಡುವುದು ಅವರ ಕೆಲಸ. ಒಳಗೆ ಒಲೆಯ ಮುಂದೆ, ಪಾತ್ರೆ ಅಲ್ಲಾಡದಂತೆ ಕವೆಗೋಲನ್ನು ಕಾಲಲ್ಲಿ ಅದುಮಿ ಹಿಡಿದು, ಹೊತ್ತಿಗೆ ನಲವತ್ತು ಮುದ್ದೆಗೆ ಆಗುವಷ್ಟು ರಾಗಿ ಹಿಟ್ಟು ತಿರುವುವುದು ನನ್ನ ಕೆಲಸ. ಹೋಟೆಲು ಮಾತ್ರ ನಿಂಗಯ್ಯನದು. ಹೋಟೆಲು ತೆರೆದು ಹನ್ನೊಂದು ವರ್ಷವಾದರೂ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಯೋಚಿಸುವುದಕ್ಕೆ ಪುರುಸೊತ್ತು ಯಾರು ಕೊಟ್ಟಿದ್ದರು?

ನಮ್ಮಲ್ಲಿಗೆ ಬರುವವರೆಲ್ಲ ಜಟಕಾದವರು, ಗಾರೆ ಕೆಲಸದವರು, ಅರಮನೆಯ ಲಾಯದ ಆಳುಗಳು. ಊರು ಬಿಟ್ಟು ಪೇಟೆ ಸೇರಿದವರು. ಅವರೆಕಾಳು ಸಾರಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಅವ್ವನ ನೆನಪಾಗುತ್ತದೆ ಅವರಿಗೆ. ಗಂಡಸರು ಮುಂದುಗಡೆ ಬೆಂಚಿನ ಮೇಲೆ, ಉದ್ದನೆಯ ಹಲಗೆಯ ಮುಂದೆ ಕೂತು ಉಣ್ಣುತ್ತಾರೆ. ಹೆಂಗಸರು ಹಿತ್ತಿಲ ಬಾಗಿಲಿಗೆ ಬಂದು, ಪಾತ್ರೆ ಕೊಟ್ಟು, ಹಾಕಿಸಿಕೊಂಡು ಹೋಗುತ್ತಾರೆ. ಇದು ಜಾತಿಯ ಮಾತಲ್ಲ. ಗಾರೆ ಕೆಲಸದ ಅಂತೋಣಿಸ್ವಾಮಿ ಹೋಟೆಲು ತೆರೆದ ದಿನದಿಂದ ಅದೇ ಬೆಂಚಿನ ಮೇಲೆ ಉಣ್ಣುತ್ತಾನೆ, ಯಾರೂ ತುಟಿ ಪಿಟಕ್ ಎಂದಿಲ್ಲ. ಹೆಂಗಸಾದವಳು ನಾಲ್ಕು ಜನ ಗಂಡಸರ ಎದುರಿಗೆ ಕೂತು ಬಾಯಾಡಿಸಬಾರದು, ಅಷ್ಟೇ.

ಆವತ್ತು ಮಧ್ಯಾಹ್ನ ರೋಸಮ್ಮ ಮುಂದಿನ ಬಾಗಿಲಿಂದಲೇ ಬಂದು ಬೆಂಚಿನ ತುದಿಯಲ್ಲಿ ಕೂತುಬಿಟ್ಟರು. ರೋಸಮ್ಮ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ. ಗಂಡ ಸತ್ತಮೇಲೆ ಇಗರ್ಜಿಯ ಹಿಂದಿನ ವಠಾರದಲ್ಲಿ ಒಬ್ಬರೇ ಇದ್ದಾರೆ. ನನ್ನ ಇಬ್ಬರು ಮಕ್ಕಳನ್ನೂ ಮೊದಲು ಕೈಯಲ್ಲಿ ಹಿಡಿದವರು ಅವರೇ. ಹಿಂದಿನ ಸಾಯಂಕಾಲದಿಂದ ಯಾವುದೋ ಹೆರಿಗೆಗೆ ನಿಂತೇ ಇದ್ದವರು, ಮುಖ ಬಾಡಿ ಹೋಗಿತ್ತು.

ಹೋಟೆಲು ತಟ್ಟನೆ ಮೌನವಾದದ್ದು ಒಳಗಿದ್ದ ನನಗೂ ಗೊತ್ತಾಯಿತು. ಅಡುಗೆಮನೆಯ ಬಾಗಿಲಿಗೆ ಬಂದು ಇಣುಕಿದೆ.

"ಹಿತ್ತಿಲ ಕಡೆ ಬನ್ನಿ ರೋಸಮ್ಮನೋರೆ, ಪಾತ್ರೆಗೆ ಹಾಕಿಸ್ಕೊಡ್ತೀನಿ" ಎಂದರು ನನ್ನ ಗಂಡ, ಕೈ ಹಿಸುಕಿಕೊಳ್ಳುತ್ತ.

"ಪಾತ್ರೇಲಿ ತಗೊಂಡು ಮನೆ ಸೇರೋ ಹೊತ್ತಿಗೆ ಹಿಟ್ಟು ಕಲ್ಲಾಗಿರ್ತದೆ ನಿಂಗಯ್ಯ. ಆರು ವರ್ಷದಿಂದ ಕಲ್ಲೇ ನುಂಗಿದೀನಿ. ಇವತ್ತು ಬಿಸೀದು ಬೇಕು. ಎಲೆ ಹಾಕಪ್ಪ."

ಹಿಟ್ಟು ಎಂದರೆ ನಮ್ಮ ಕಡೆ ಮುದ್ದೆಯೇ. ಅದನ್ನು ಬಿಸಿಬಿಸಿಯಾಗಿ ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು. ಆರಿದರೆ ಅದಕ್ಕೆ ರುಚಿಯೂ ಇಲ್ಲ, ಮರ್ಯಾದೆಯೂ ಇಲ್ಲ.

ಬೆಂಚಿನ ನಡುವೆ ದಫೇದಾರ್ ಜವರಯ್ಯ ಕೂತಿದ್ದ. ಕುದುರೆ ದಂಡಿನಲ್ಲಿದ್ದು, ಮಹಾಯುದ್ಧಕ್ಕೆ ಹೋಗಿಬಂದವನು. ದಿನಾ ಲಾಯದ ಹನ್ನೆರಡು ಆಳುಗಳನ್ನು ಕಟ್ಟಿಕೊಂಡು ಊಟಕ್ಕೆ ಬರುತ್ತಾನೆ. ಅವನು ನಕ್ಕರೆ ಆ ಹನ್ನೆರಡು ಜನವೂ ನಗುತ್ತಾರೆ.

"ನಿಂಗ, ಈವಮ್ಮ ಎದ್ದೋಯ್ತಾರೋ, ಇಲ್ಲ ನಾವು ಎದ್ದೋಗ್ಬೇಕೋ? ಯೋಳು ಮತ್ತೆ" ಎಂದ.

ನನ್ನ ಗಂಡ ಓಡಿಬಂದು ಪಿಸುಗುಟ್ಟಿದರು. "ಲೇ ಚಾಮಿ, ನೀನೇ ಯೋಳು ಅವರ್ಗೆ. ಎಂಗಸ್ರು ಎಂಗಸ್ರು ಮಾತಾಡ್ಕಳಿ. ಹಿತ್ತಿಲಿಗೆ ಕರ್ಕೊಂಡೋಗು."

ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆಗ ತಾನೇ ಕಟ್ಟಿದ ಮುದ್ದೆಯೊಂದನ್ನು ಎಲೆಯ ಮೇಲಿಟ್ಟು, ಸಾರಿನ ಬಟ್ಟಲು ಹಿಡಿದು, ಸೆರಗು ಸಿಕ್ಕಿಸಿಕೊಂಡು ಸೀದಾ ಹೊರಗೆ ಹೋಗಿ ರೋಸಮ್ಮನ ಮುಂದಿಟ್ಟೆ. ಊಟದ ಹೊತ್ತಿನಲ್ಲಿ ನಾನು ಮುಂದುಗಡೆಗೆ ಕಾಲಿಟ್ಟದ್ದು ಅದೇ ಮೊದಲು.

ರೋಸಮ್ಮ ಹಣೆ, ಎದೆ, ಭುಜ ಮುಟ್ಟಿಕೊಂಡು ಶಿಲುಬೆ ಗುರುತು ಮಾಡಿ ಒಂದು ತುತ್ತು ಮುರಿದರು. ಹಬೆ ಎದ್ದಿತು. ಕಣ್ಣು ಮುಚ್ಚಿ ನುಂಗಿ, ಇನ್ನೊಂದು ತುತ್ತು ಮುರಿದರು.

"ಇಷ್ಟು ದಿನ ಉಣ್ತಿದ್ದ ಹಿಟ್ಟೇ ಅಲ್ಲ ಇದು ಚಾಮವ್ವ. ಬೆಣ್ಣೆ ಇದ್ದಂಗದೆ. ನಿಂಗೇನು ಬುಡು ಕಣಮ್ಮ, ದಿನಾ ಬಿಸೀದೇ ಉಣ್ತೀಯ."

ಹೌದು ಎನ್ನಲು ಬಾಯಿ ತೆರೆದೆ. ಅದು ನಿಜವಲ್ಲ ಎಂದು ಆಗ ಹೊಳೆಯಿತು. ನಾನು ಉಣ್ಣುವುದು ಕೊನೆಯ ಎಲೆ ಎತ್ತಿದ ಮೇಲೆ, ಮೂರು ಗಂಟೆ ಕಳೆದ ಮೇಲೆ, ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು. ಪಾತ್ರೆಯ ತಳದಲ್ಲಿ ಹತ್ತಿದ್ದನ್ನು ಕೆರೆದು, ಉಳಿದ ಸಾರಿನಲ್ಲಿ ಕಲಸಿಕೊಂಡು. ನಂಜನಗೂಡಿನ ಕಡೆಯಿಂದ ಬಂದವರು ಕೂಡ ನಿಂಗಯ್ಯನ ಹೋಟೆಲಿನ ಬಿಸಿ ಮುದ್ದೆ ಎಂದು ಬಾಯಿ ಚಪ್ಪರಿಸುತ್ತಾರೆ. ಅದು ಹೇಗಿರುತ್ತದೆ ಎಂದು ನನಗೊಬ್ಬಳಿಗೇ ಗೊತ್ತಿರಲಿಲ್ಲ.

ದಫೇದಾರ ಅರ್ಧ ಉಂಡ ಎಲೆ ಬಿಟ್ಟು ಎದ್ದ. ಹನ್ನೆರಡು ಜನವೂ ಎದ್ದರು. ಒಬ್ಬಿಬ್ಬರು ಮುದ್ದೆಯನ್ನು ತಿರುಗಿ ತಿರುಗಿ ನೋಡುತ್ತಲೇ ಹೋದರು.

ಸಾಯಂಕಾಲ ನನ್ನ ಗಂಡ ಕೂಗಾಡಿದರು. ದಫೇದಾರನ ಮನೆಗೆ ಹೋಗಿ ಕೈಮುಗಿದು, ಇನ್ನು ಮೇಲೆ ಹಾಗಾಗುವುದಿಲ್ಲ ಎಂದು ಹೇಳಿ ಬಂದಿದ್ದರು. "ಈಗ್ಲೇ ಹೋಗಿ ರೋಸಮ್ಮಂಗೆ ಯೋಳ್ಬುಟ್ಟು ಬಾ, ನಾಳಿಂದ ಹಿತ್ತಿಲ ಬಾಗ್ಲು ಅಂತ."

"ನಾಳೆ ಹಿಟ್ಟು ತಿರುವೋರು ಯಾರು?" ಎಂದೆ.

"ಯಾರು ಅಂದ್ರೆ? ನೀನೇ."

"ಮುಂದಿನ ಬೆಂಚಲ್ಲಿ ರೋಸಮ್ಮಂಗೆ ಎಲೆ ಹಾಕಿದ್ರೆ ತಿರುವ್ತೀನಿ. ಅವರ ಪಕ್ಕ ನಂಗೂ ಒಂದು ಎಲೆ. ಎಲ್ರಿಗಿಂತ ಮೊದ್ಲು, ಬಿಸೀದು. ಇಲ್ದಿದ್ರೆ ನೀವೇ ತಿರುವ್ಕಳಿ."

ಅವರಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. "ಮೆರೀತೀಯ? ಹೋಗು ನಿನ್ನ ತೌರಿಗೆ."

"ಹೋಯ್ತೀನಿ. ಹಿಟ್ಟಿನ ಕೋಲು ತಕ್ಕೊಂಡೇ ಹೋಯ್ತೀನಿ, ನಮ್ಮವ್ವ ಕೊಟ್ಟಿದ್ದು ಅದು."

ಹೀಗೆಂದವಳು ಎದ್ದು ರೋಸಮ್ಮನ ವಠಾರಕ್ಕೆ ಹೋದೆ. ಹಿತ್ತಿಲ ಬಾಗಿಲಿನ ಸುದ್ದಿ ಹೇಳಲು ಹೋಗುತ್ತಿದ್ದೇನೆ ಎಂದುಕೊಂಡು ಅವರು ಸುಮ್ಮನಾದರು. ನಾನು ರೋಸಮ್ಮನಿಗೆ ಹೇಳಿದ್ದೇ ಬೇರೆ. ನಾಳೆ ಹನ್ನೆರಡಕ್ಕೆ ಬನ್ನಿ, ಮುಂದಿನ ಬಾಗಿಲಿಂದ ಬನ್ನಿ ಎಂದೆ. ದಾರಿಯುದ್ದಕ್ಕೂ, ನಿಜವಾಗಿಯೂ ತೌರಿಗೆ ಕಳಿಸಿದರೆ ಏನು ಮಾಡುವುದು ಎಂಬ ಹೆದರಿಕೆ ಇತ್ತು, ಇರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಮಾರನೆಯ ದಿನ ಸಾರು ಮಾಡಿಟ್ಟೆ. ಮಾಡುವುದಿಲ್ಲ ಎಂದದ್ದು ಮುದ್ದೆಯನ್ನು ಮಾತ್ರ. ಆಮೇಲೆ ಹಿತ್ತಿಲ ಕಲ್ಲಿನ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತೆ. ನನ್ನ ಗಂಡ ನನ್ನನ್ನು ಎರಡು ಸಲ ನೋಡಿ, ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ನಿಂತರು. ಎಸರು ಕುದಿಯುವ ಮೊದಲೇ ಹಿಟ್ಟು ಸುರಿದರು. ಬೇಯಲು ಬಿಡದೆ ತಿರುವಿದರು. ಕವೆಗೋಲು ಜಾರಿ ಪಾತ್ರೆ ಗಿರ್ರನೆ ತಿರುಗಿತು. ಅವರ ಹಣೆಯ ಬೆವರು ನೋಡಿ ಎದ್ದು ಹೋಗಿ ಕೋಲು ಕಿತ್ತುಕೊಳ್ಳೋಣ ಎನ್ನಿಸಿತು. ಕಾಯಿ ಸುಲಿಯುತ್ತಲೇ ಕೂತೆ.

ಹನ್ನೆರಡಕ್ಕೆ ದಫೇದಾರ ತನ್ನ ಪಟಾಲಂ ಸಮೇತ ಬಂದ. ಎದೆ ಉಬ್ಬಿಸಿಕೊಂಡು ನಡುವೆ ಕೂತದ್ದು ಅಡುಗೆಮನೆಯ ಬಾಗಿಲ ಮೂಲಕ ನನಗೆ ಕಾಣುತ್ತಿತ್ತು. ಎಲೆಯ ಮೇಲೆ ಬಿದ್ದ ಮುದ್ದೆಯನ್ನು ಮುರಿದ. ಒಳಗಿಂದ ಹಸಿ ಹಿಟ್ಟು ಪುಸಕ್ಕೆಂದು ಅವನ ಮೀಸೆಗೆ ಹಾರಿತು. ಪಕ್ಕದವನಿಗೆ ಸಿಕ್ಕಿದ್ದು ಗೋಲಿಯಷ್ಟು ಗಂಟು, ಅವನು ಅದನ್ನು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ. ಅಂತೋಣಿಸ್ವಾಮಿ ನಗು ತಡೆಯಲಾರದೆ ಎದ್ದು ಬೀದಿಗೆ ಹೋದ.

"ಚಾಮವ್ವ, ಏನವ್ವ ಇದು?" ದಫೇದಾರ ಕೂಗಿದ.

ನಾನು ಮೊರ ಕೆಳಗಿಟ್ಟು ಮುಂದುಗಡೆಗೆ ಬಂದೆ. ಅಷ್ಟು ಹೊತ್ತಿಗೆ ರೋಸಮ್ಮನೂ ಬಂದು ಮುಂಬಾಗಿಲಲ್ಲಿ ನಿಂತಿದ್ದರು.

"ನಿಂಗಯ್ಯನ ಹೋಟ್ಲ ಹಿಟ್ಟು ಕಣಣ್ಣ. ಇವತ್ತು ನಿಂಗಯ್ಯನೋರೇ ಮಾಡವ್ರೆ, ಉಣ್ಣಿ" ಎಂದೆ. "ನನ್ನ ಕೈ ಹಿಟ್ಟು ಬೇಕು ಅಂದ್ರೆ ಬೆಂಚಿನ ತುದೀಲಿ ಇಬ್ಬರಿಗೆ ಜಾಗ ಬುಡಿ. ಮೊದ್ಲು ನಾವು ಉಣ್ತೀವಿ, ನಿಮ್ಮ ಮುಂದೇನೇ. ನಿಮ್ಮ ಮೊಮ್ಮಗ ಹುಟ್ಟೋವಾಗ ಈವಮ್ಮನ ಕೈ ಆಯ್ತದೆ, ಉಣ್ಣೋವಾಗ ಬಾಯಿ ಆಗಲ್ವಾ?"

ದಫೇದಾರ ಮೀಸೆಯ ಹಿಟ್ಟು ಒರೆಸಿಕೊಂಡ. ಅವನು ಎದ್ದರೆ ಎಲ್ಲರೂ ಏಳುತ್ತಾರೆ, ಹೋಟೆಲು ಮುಚ್ಚುತ್ತದೆ, ನಾನು ಗಂಟು ಕಟ್ಟಿಕೊಂಡು ತೌರಿನ ದಾರಿ ಹಿಡಿಯಬೇಕು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಆಳುಗಳಲ್ಲೊಬ್ಬ, ಗಂಟು ತೋರಿಸಿದವನೇ, ತನ್ನ ಎಲೆಯನ್ನು ಆಚೆಗೆ ಎಳೆದುಕೊಂಡ. "ಒಸಿ ಅಂಗೆ ಸರ್ಕಳಿ ದಫೇದಾರ್ರೇ. ಒಟ್ಟೆ ಅಸೀತಾ ಅದೆ" ಎಂದ. ಇನ್ನೊಬ್ಬ ಸರಿದ. ಕೊನೆಗೆ ದಫೇದಾರನೂ ಗೊಣಗಿಕೊಂಡು, ನನ್ನ ಕಡೆ ನೋಡದೆ, ಒಂದು ಗೇಣು ಸರಿದ.

ನಾನು ಒಳಗೆ ಹೋಗಿ ಹೊಸದಾಗಿ ಎಸರಿಟ್ಟೆ. ಕುದಿ ಬಂದ ಮೇಲೆ ಹಿಟ್ಟು ಹಾಕಿ, ನಡುವೆ ಕೋಲು ನೆಟ್ಟು, ಉಕ್ಕಿ ಬೆಂದ ಮೇಲೆ ತಿರುವಿದೆ. ಕಾದು ಕೂತವರ ಗೊಣಗಾಟ ಕೇಳಿಸುತ್ತಿತ್ತು. ಅವಸರ ಮಾಡಲಿಲ್ಲ. ಮೊದಲ ಎರಡು ಮುದ್ದೆ ಕಟ್ಟಿ, ಎರಡು ಎಲೆಯ ಮೇಲಿಟ್ಟುಕೊಂಡು ಹೊರಗೆ ಬಂದು ರೋಸಮ್ಮನ ಪಕ್ಕ ಕೂತೆ. ಬೆಂಚು ಇಷ್ಟು ಎತ್ತರ ಎಂದು ಗೊತ್ತಿರಲಿಲ್ಲ, ಕಾಲು ನೆಲಕ್ಕೆ ಸರಿಯಾಗಿ ಎಟುಕಲಿಲ್ಲ. ನನ್ನ ಗಂಡ ಸಾರಿನ ಸೌಟು ಹಿಡಿದು ಬಂದು ಕ್ಷಣ ಹೊತ್ತು ನಿಂತರು. ಆಮೇಲೆ ಸಾರು ಬಿಟ್ಟರು. ನನಗೆ ಅವರು ಬಡಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಮುರಿದೆ, ಅದ್ದಿದೆ, ನುಂಗಿದೆ. ಗಂಟಲಿಂದ ಹೊಟ್ಟೆಯವರೆಗೂ ಬಿಸಿ ಇಳಿಯುವುದು ಗೊತ್ತಾಯಿತು. ಇಷ್ಟು ಚೆನ್ನಾಗಿ ಮಾಡುತ್ತೇನಾ ನಾನು ಎಂದು ಆಶ್ಚರ್ಯವಾಯಿತು. ಆಮೇಲೆ ಹನ್ನೊಂದು ವರ್ಷ ನೆನೆದು ಹೊಟ್ಟೆ ಉರಿಯಿತು, ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ, ನೋಡುವವರು ನೋಡಲಿ ಎಂದುಕೊಂಡೆ.

"ಚಾಮವ್ವ" ಎಂದ ದಫೇದಾರ, ಹಸಿ ಮುದ್ದೆ ಎತ್ತಿಸಿದ ಖಾಲಿ ಎಲೆಯ ಮುಂದೆ ಕೂತು, ಸ್ವಲ್ಪ ಮೆತ್ತಗೆ. "ನಮ್ಮ ಹಿಟ್ಟು ಆರೋಯ್ತದಲ್ಲವ್ವ."

"ತಡೀರಿ" ಎಂದೆ. "ಉಣ್ತಾ ಇವ್ನಿ."