ನಸೀಮಾಳ ಒಲೆ ಮತ್ತು ಏಳನೇ ಕಾಲಂ

೧
ಎಲ್ಲಿಂದ ಶುರು ಮಾಡಲಿ? ಕಸದಿಂದ ಶುರು ಮಾಡಿದರೆ ನೀವು ಮೂಗು ಮುಚ್ಚಿಕೊಂಡು ಪುಟ ತಿರುಗಿಸುತ್ತೀರಿ. ಜಪಾನಿನಲ್ಲಿ ನಡೆದ ಹವಾಮಾನ ಒಪ್ಪಂದದಿಂದ ಶುರು ಮಾಡಿದರೆ ಆಕಳಿಸುತ್ತೀರಿ. (ಎರಡೂ ಡ್ರಾಫ್ಟ್ ಹರಿದು ಹಾಕಿದ್ದೇನೆ. ಅವೂ ಈ ಕಥೆಯ ಕಸದ ಗುಡ್ಡೆಗೇ ಬಂದು ಬೀಳುತ್ತವೆ.) ಚಹಾದಿಂದಲೇ ಶುರು ಮಾಡೋಣ.

೨
೧೯೯೯. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಊರಿನ ಕಸದ ಗುಡ್ಡೆ. ನಸೀಮಾ ಅಲ್ಲಿ ಪ್ಲಾಸ್ಟಿಕ್ಕು, ತಗಡು ಆಯುವವಳು. ಗುಡ್ಡೆಯ ವಾಚ್‌ಮನ್ ಬಡೇಸಾಬ್ ಒಮ್ಮೆ ಬೀಡಿ ಹಚ್ಚಲು ಹೋಗಿ, ಕಸದೊಳಗಿನ ಗ್ಯಾಸು ಭಗ್ಗನೆ ಹೊತ್ತಿ ಅರ್ಧ ಮೀಸೆ ಸುಟ್ಟುಕೊಂಡ. ಎಲ್ಲರೂ ನಕ್ಕರು, ನಸೀಮಾ ಮಾತ್ರ ಆ ಜಾಗ ನೋಡಿಟ್ಟುಕೊಂಡಳು. ಮುರುಕು ಬೋರ್‌ವೆಲ್ ಪೈಪೊಂದನ್ನು ಅಲ್ಲೇ ಇಳಿಸಿ, ಮೇಲೆ ತೂತಿನ ತಗಡು ಕೂರಿಸಿ, ಕಡ್ಡಿ ಗೀರಿದಳು. ನೀಲಿ ಉರಿ! ಅಂದಿನಿಂದ ಕಸ ಆಯುವ ಹೆಂಗಸರಿಗೆಲ್ಲ ಅವಳದೇ ಚಹಾ. ಆಯ್ದ ದುಡ್ಡು ಹೊಟ್ಟೆಗೆ, ಚಹಾದ್ದು ಮಗಳು ನೂರೀನಳ ಶಾಲೆಗೆ.

೩
ಈಗ ಕೊಟ್ರೇಶ್ ಬರುತ್ತಾನೆ. ಪಿ.ಜೆ. ಬಡಾವಣೆಯವನು, ಯಾವುದೋ ಕಂಪನಿಯ ಎಂಜಿನಿಯರ್, ಒಳ್ಳೆಯವನು. (ಕೆಟ್ಟವನನ್ನಾಗಿ ಮಾಡಿ ನೋಡಿದೆ, ಅವನೇ ಒಪ್ಪಲಿಲ್ಲ.) ಕಸದಿಂದೇಳುವ ಮೀಥೇನ್ ಗಾಳಿಗೆ ಸೇರಿದರೆ ಭೂಮಿ ಕಾದು ಬಿಸಿಯಾಗುತ್ತದೆ, ಹಿಡಿದು ಸುಟ್ಟರೆ ಆ ಉಳಿತಾಯದ ಲೆಕ್ಕವನ್ನು ಹೊರದೇಶದವರು ಕಾರ್ಬನ್ ಕ್ರೆಡಿಟ್ ಎಂದು ದುಡ್ಡು ಕೊಟ್ಟು ಕೊಂಡುಕೊಂಡಾರು ಎಂಬುದು ಆಗಿನ ಹೊಸ ಮಾತು. ನಸೀಮಾಳ ಒಲೆ ಸುಡುವುದು ಚಮಚದಷ್ಟು, ಮಿಕ್ಕಿದ್ದೆಲ್ಲ ಆಕಾಶಕ್ಕೆ.

ಆ ಯೋಜನೆಗೆಂದು ಅವನು ತುಂಬಬೇಕಾದ ಫಾರಂನ ಏಳನೇ ಕಾಲಂ: ‘ಈ ಗ್ಯಾಸನ್ನು ಸದ್ಯ ಯಾರಾದರೂ ಬಳಸುತ್ತಿದ್ದಾರೆಯೇ?’ ‘ಇಲ್ಲ’ ಎಂದರೆ ಯೋಜನೆ ಬರುತ್ತದೆ, ಗುಡ್ಡೆಗೆ ಬೇಲಿ ಬೀಳುತ್ತದೆ, ನಸೀಮಾ ಬೇಲಿಯಾಚೆ. ‘ಹೌದು’ ಎಂದರೆ ಮೇಲಿನವರು ನೂರೆಂಟು ಪ್ರಶ್ನೆ ಕೇಳಿ ಫೈಲನ್ನು ಮೂಲೆಗೆ ಎಸೆಯುತ್ತಾರೆ.

“ಒಂದಿನದ ಮಟ್ಟಿಗೆ ಪೈಪ್ ಕಿತ್ತಿಡ್ರಿ ನಸೀಮಕ್ಕ. ಫೋಟೊ ತಗಂಡು ಹೋಗ್ತೀವಿ.”

“ಮೊದ್ಲು ಕೂಡ್ರಿ, ಚಾ ಕುಡೀರಿ. ಬಂದೋರು ಹಂಗೇ ಹೋಗಬಾರ್ದು.”

“ಯಾವ ಒಲೆ ಮ್ಯಾಲೆ ಕಾಸ್ತೀರಿ?”

“ಇರೋದು ಒಂದೇ ಐತಲ್ರಿ.”

ಬೇಡ ಎನ್ನಲಾಗದೆ ಕುಡಿದುಬಿಟ್ಟ. ಅಲ್ಲೇ ಕೆಟ್ಟಿತು ನೋಡಿ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಪಾಪ, ಕೊಟ್ರೇಶನ ನೌಕರಿಯೇ ಎಣಿಸುವುದು.

೪
ಮುಕ್ತಾಯ ಒಂದು: ಕಂಪನಿ ನಸೀಮಾಳಿಗೇ ಉರಿ ನೋಡಿಕೊಳ್ಳುವ ಕೆಲಸ ಕೊಡುತ್ತದೆ.

“ಸುಳ್ಳು ಬರೀಬ್ಯಾಡ್ರಿ,” ಎಂದು ನಸೀಮಾ ನನ್ನನ್ನೇ ಗದರಿದಳು.

ಮುಕ್ತಾಯ ಎರಡು: ಕೊಟ್ರೇಶ್ ‘ಇಲ್ಲ’ ಎಂದು ಬರೆಯುತ್ತಾನೆ. ಆಕಾಶ ಒಂದಿಷ್ಟು ತಂಪಾಗುತ್ತದೆ, ಅವಳ ಒಲೆಯೂ.

“ಇದು ನಿಜ ಆದ್ರೂ ಆದೀತು. ಆದ್ರ ನನ್ ಕೈಯಿಂದ ಕೀಳಿಸಬ್ಯಾಡ್ರಿ. ಬೇಕಿದ್ರ ನೀವೇ ಬಂದು ಕೀಳ್ರಿ.”

ಹೋದೆ. ಪೈಪ್ ಹಿಡಿದೆ. ಕೈ ಸುಟ್ಟಿತು, ಬಿಟ್ಟೆ. ಭೂಮಿ ಕಾಯುತ್ತಿದೆ ಎಂಬ ಭಯ ನನಗೂ ಇದೆ. ಅವಳೆದುರು ನಿಂತಾಗ ನಾಚಿಕೆಯೂ ಆಯಿತು.

೫
ಕೊಟ್ರೇಶನ ಕೈಯಲ್ಲಿ ಪೆನ್ನು ಹಾಗೇ ಇದೆ. ಕಾಲಂ ಖಾಲಿ.

“ಬರಿಯೋದು ಎಲ್ಲಿಗೂ ಓಡಿಹೋಗಲ್ಲ. ಚಾ ತಣ್ಣಗಾಗತೈತೆ,” ಎನ್ನುತ್ತ ನಸೀಮಾ ಇನ್ನೊಂದು ಲೋಟ ತುಂಬಿದಳು. ಅದು ಅವನಿಗಲ್ಲ, ನನಗೂ ಅಲ್ಲ. ಇಷ್ಟು ಹೊತ್ತು ನಿಂತು ನೋಡುತ್ತಿರುವ ನಿಮ್ಮ ಕಡೆ ಚಾಚಿದ್ದಾಳೆ. ಕುಡಿದರೆ ಆಮೇಲೆ ‘ಇಲ್ಲ’ ಎಂದು ಬರೆಯಲು ನಿಮಗೂ ಕೈ ಬರುವುದಿಲ್ಲ.

ತೆಗೆದುಕೊಳ್ಳುತ್ತೀರಾ?