ಹವಾಲ್ದಾರ್ ಸೋಮನಾಥನ ಗುದ್ದಲಿ ಪೂಜೆ

ಅಂಜನಾಪುರದಲ್ಲಿ ಸೋಮನಾಥನದೊಂದು ಮೂವತ್ತು-ನಲವತ್ತರ ಸೈಟಿತ್ತು. ಎದುರಿಗೆ ಟಾರು ರೋಡು, ಬೀದಿ ದೀಪ, ಕಾವೇರಿ ನೀರಿನ ಪೈಪು, ಎಲ್ಲ ಬಂದಾಗಿತ್ತು. ಇಂಥ ಸೈಟು ಇಟ್ಟುಕೊಂಡು ಮೂರು ವರ್ಷದಿಂದ ಗಿರಿನಗರದ ಬಾಡಿಗೆ ಮನೆಯಲ್ಲಿ ಕೂತವನನ್ನು ಏನೆನ್ನಬೇಕು? ಅವನ ಅತ್ತೆ ಸಿದ್ದಗಂಗಮ್ಮ ಏನೇನೋ ಅಂದಿದ್ದರು, ಅದೆಲ್ಲ ಬರೆಯುವಂಥದ್ದಲ್ಲ ಬಿಡಿ.

ಗುದ್ದಲಿ ಪೂಜೆ ಮಾಡಿಸೋಣ ಎಂದು ಹೆಂಡತಿ ಸುನಿತಾ ಬಾಯಿ ತೆರೆದಾಗಲೆಲ್ಲ ಅವನ ಹತ್ತಿರ ಒಂದು ನೆಪ ತಯಾರಿರುತ್ತಿತ್ತು. ಮೊದಲು ಆಷಾಢ ಬಂತು. ಅದು ಕಳೆದರೆ ಪಿತೃಪಕ್ಷ, ಅದೂ ಕಳೆದರೆ ಧನುರ್ಮಾಸ. ಪಂಚಾಂಗದ ನೆಪಗಳು ಖಾಲಿಯಾದ ಮೇಲೆ ಮರಳಿನ ರೇಟು. ಅದೂ ಮುಗಿದಾಗ ಪಶ್ಚಿಮದ ಬಾಗಿಲು ತನ್ನ ಹೆಸರಿಗೆ ಆಗಿಬರುವುದಿಲ್ಲವಂತೆ ಎಂದುಬಿಟ್ಟ. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದಾಗ ಒಂದು ದಿನವೂ ರಾಹುಕಾಲ ಕೇಳದ ಮನುಷ್ಯ! ಬಂಧುಗಳು ಇವನನ್ನು ಜುಗ್ಗ ಎಂದುಕೊಂಡರು. ಅವನೂ ಹಾಗೇ ಅಂದುಕೊಳ್ಳಲಿ ಎಂದು ಸುಮ್ಮನಿದ್ದ. ನಿಜ ಹೇಳುವುದಕ್ಕಿಂತ ಜುಗ್ಗ ಅನ್ನಿಸಿಕೊಳ್ಳುವುದೇ ವಾಸಿಯಾಗಿತ್ತು.

ನಿಜ ಏನೆಂದರೆ, ಹವಾಲ್ದಾರ್ ಸೋಮನಾಥ ಮಣ್ಣಿನ ಮೇಲೆ ಕಾಲಿಡಲಾರ.

ಟಾರಿನ ಮೇಲೆ ನಡೆಯಬಲ್ಲ, ಫುಟ್‌ಪಾತಿನ ಕಲ್ಲಿನ ಮೇಲೆ ನಡೆಯಬಲ್ಲ. ಆದರೆ ಬರೀ ನೆಲ ಕಂಡರೆ ಮೊಣಕಾಲು ಬಿಗಿದು ನಿಂತುಬಿಡುತ್ತಿತ್ತು, ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ನಿವೃತ್ತಿಯಾದ ಮೇಲೆ ಜೆ.ಪಿ. ನಗರದ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸಕ್ಕೆ ಸೇರಿದ್ದೂ ಅದಕ್ಕೇ. ಅಲ್ಲಿ ಮೂರು ಬೇಸ್‌ಮೆಂಟು, ಕೆಳಗೂ ಮೇಲೂ ಕಾಂಕ್ರೀಟು. ಹುಲ್ಲುಹಾಸನ್ನು ತುಳಿಯದೆ ಸುತ್ತು ಹಾಕಿಕೊಂಡು ಹೋಗುವ ಅವನನ್ನು ನೋಡಿ ಅಲ್ಲಿನ ಸೆಕ್ರೆಟರಿ, ಮಿಲಿಟರಿ ಶಿಸ್ತು ಅಂದರೆ ಇದು ಎಂದು ಎಲ್ಲರ ಮುಂದೆ ಹೊಗಳಿದ್ದರು. ಸೋಮನಾಥ ಆ ಹೊಗಳಿಕೆಯನ್ನು ಕಹಿ ಮಾತ್ರೆಯ ಹಾಗೆ ನುಂಗಿಕೊಂಡಿದ್ದ.

ಸೈನ್ಯದಲ್ಲಿ ಅವನ ಕೆಲಸ ನೆಲಬಾಂಬ್ ತೆಗೆಯುವುದು. ಗಡಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ತೆಳ್ಳನೆಯ ಸರಳಿನಿಂದ ನೆಲವನ್ನು ಓರೆಯಾಗಿ ಚುಚ್ಚುತ್ತಾ ಮುಂದೆ ತೆವಳಬೇಕು. ಸರಳು ಏನನ್ನಾದರೂ ಮುಟ್ಟಿದರೆ ಸುತ್ತಲ ಮಣ್ಣನ್ನು ಬೆರಳಿನಿಂದ ಬಿಡಿಸಿ ಅದನ್ನು ಹೊರತೆಗೆಯಬೇಕು. ಒಂದು ಆಳು ನಡೆಯುವಷ್ಟು ಅಗಲ ಶುದ್ಧವಾದ ಮೇಲೆ ಎರಡು ಬದಿಗೂ ಬಿಳಿ ಪಟ್ಟಿ ಎಳೆಯುತ್ತಾರೆ. ಪಟ್ಟಿಯ ಒಳಗೆ ಧೈರ್ಯವಾಗಿ ನಡೆಯಬಹುದು ಎಂದು ಅದರ ಅರ್ಥ. ನಾಲ್ಕು ವರ್ಷದ ಹಿಂದೆ ಸೋಮನಾಥ ಪಟ್ಟಿ ಎಳೆದ ದಾರಿಯಲ್ಲಿ ಅವನ ತುಕಡಿ ನಡೆದು ಹೋಗುತ್ತಿತ್ತು. ಹನ್ನೆರಡನೆಯವನು ನಾಯಕ್ ದರ್ಜೆಯ ಶಶಿಕಾಂತ್. ಹನ್ನೊಂದು ಜನ ದಾಟಿದ ಮೇಲೆ ಅವನ ಎಡಗಾಲ ಕೆಳಗೆ ನೆಲ ಸಿಡಿಯಿತು.

ಶಶಿಕಾಂತ್ ಬದುಕಿದ, ಕಾಲು ಉಳಿಯಲಿಲ್ಲ. ಈಗ ಅವನು ಸುದ್ದಗುಂಟೆಪಾಳ್ಯದಲ್ಲಿದ್ದಾನೆ, ಬ್ಯಾಂಕೊಂದರಲ್ಲಿ ಗುಮಾಸ್ತ. ಗಿರಿನಗರದಿಂದ ಎರಡು ಬಸ್ಸು ಹತ್ತಿದರೆ ಅವನ ಮನೆ. ಮೂರು ವರ್ಷದಲ್ಲಿ ಸೋಮನಾಥ ಒಮ್ಮೆಯೂ ಆ ಕಡೆ ತಲೆ ಹಾಕಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಸುನಿತಾಗೆ ವಿಷಯ ಗೊತ್ತಾದದ್ದು ಒಂದು ಭಾನುವಾರ, ಗಿರಿನಗರದ ಪಾರ್ಕಿನಲ್ಲಿ. ಮಗಳು ಸಿರಿ ಉಯ್ಯಾಲೆಯಿಂದ ಬಿದ್ದು ಗಲ್ಲ ಒಡೆದುಕೊಂಡಳು. ಸೋಮನಾಥ ಹತ್ತಡಿ ದೂರದಲ್ಲಿ ಕಲ್ಲುಹಾಸಿನ ಮೇಲಿದ್ದ. ನಡುವೆ ಇದ್ದದ್ದು ಬರೀ ಕೆಂಪು ಮಣ್ಣು. ಅಪ್ಪಾ ಎಂದು ಮಗು ಕೂಗುತ್ತಿದೆ, ರಕ್ತ ಸುರಿಯುತ್ತಿದೆ, ಇವನು ಕಬ್ಬಿಣದ ಬೇಲಿ ಹಿಡಿದು ನಿಂತಲ್ಲೇ ನಡುಗುತ್ತಿದ್ದಾನೆ. ಕೊನೆಗೆ ಯಾರೋ ಗುರುತಿಲ್ಲದ ಹೆಂಗಸು ಮಗುವನ್ನು ಎತ್ತಿ ತಂದು ಅವನ ಕೈಗಿಟ್ಟು, ಎಂಥ ಅಪ್ಪನಯ್ಯಾ ನೀನು ಎಂದು ಉಗಿದು ಹೋದಳು. ಐಸ್‌ಕ್ರೀಮ್ ಹಿಡಿದು ಗೇಟಿನ ಹತ್ತಿರ ಬರುತ್ತಿದ್ದ ಸುನಿತಾ ಎಲ್ಲವನ್ನೂ ನೋಡಿದ್ದಳು.

ಸಿರಿಯ ಗಲ್ಲಕ್ಕೆ ಮೂರು ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಸೋಮನಾಥ ಅಡುಗೆಮನೆಯ ಕಟ್ಟೆಗೆ ಒರಗಿ ಎಲ್ಲ ಹೇಳಿದ. ಹೇಳುತ್ತಾ ಅತ್ತ, ನಾಚಿಕೆಯಿಂದ ಅತ್ತ. ಸುನಿತಾಗೂ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಇಷ್ಟು ವರ್ಷ ಒಬ್ಬರೇ ಹೊತ್ಕೊಂಡು ಓಡಾಡಿದ್ರಲ್ಲ, ನಾನಿದ್ದೇನು ಬಂತು ಎಂದು ದಬಾಯಿಸಿದಳು. ಮರುದಿನವೇ ಜಯನಗರ ನಾಲ್ಕನೇ ಬ್ಲಾಕಿನ ಮನೋವೈದ್ಯೆ ಡಾಕ್ಟರ್ ಕಾತ್ಯಾಯಿನಿಯವರ ಹತ್ತಿರ ಎಳೆದುಕೊಂಡು ಹೋದಳು. ನಾನೇನು ಹುಚ್ಚನಾ ಎಂದು ಅವನು ಆಟೋದಲ್ಲಿ ದಾರಿಯುದ್ದಕ್ಕೂ ಗೊಣಗಿದ.

ಡಾಕ್ಟರಿಗೆ ಅರವತ್ತು ದಾಟಿತ್ತು, ಮಾತು ಕಡಿಮೆ. ಪೂರ್ತಿ ಕೇಳಿಸಿಕೊಂಡು, ಕಿಟಕಿಯ ಹತ್ತಿರವಿದ್ದ ತುಳಸಿಯ ಕುಂಡವನ್ನು ಮೇಜಿನ ಮೇಲಿಟ್ಟರು. ಮಣ್ಣಿಗೆ ಒಂದು ಬೆರಳು ಹಾಕಿ ಸಾಕು ಅಂದರು. ಸೋಮನಾಥನಿಗೆ ಅವಮಾನವಾಯಿತು. ಗಡಿ ಕಾದವನಿಗೆ ತುಳಸಿ ಕುಂಡವೇ? ಬೆರಳು ಮುಂದೆ ಚಾಚಿದ. ಬೆರಳು ಕುಂಡದ ಅಂಚಿನಲ್ಲೇ ನಿಂತಿತು, ಜಪ್ಪಯ್ಯ ಎಂದರೂ ಒಳಗೆ ಇಳಿಯಲಿಲ್ಲ. ಬೆರಳು ಇಳಿಯಲು ಎರಡು ವಾರ ಹಿಡಿಯಿತು. ಇಳಿದ ದಿನ ಉಗುರಿನ ಸಂದಿಯ ಮಣ್ಣನ್ನು ತೊಳೆಯದೆ ಮನೆಗೆ ಬಂದು ಸುನಿತಾಗೂ ಸಿರಿಗೂ ತೋರಿಸಿದ. ಮೆಡಲು ಬಂದಾಗಲೂ ಅವನು ಅಷ್ಟು ಬೀಗಿರಲಿಲ್ಲ.

ಅಲ್ಲಿಂದ ಮುಂದೆ ಒಂದೊಂದು ಅಂಗುಲವೂ ಜಗಳವಾಡಿ ಗೆದ್ದದ್ದು. ಮೊದಲು ರಸ್ತೆ ನಡುವಿನ ಗಿಡದ ಪಾತಿ, ಆಮೇಲೆ ಅದೇ ಪಾರ್ಕಿನ ಕೆಂಪು ಮಣ್ಣು. ಒಂದು ಹೆಜ್ಜೆ, ಎರಡು, ಎಂಟು. ಒಂದು ವಾರ ಎಲ್ಲ ಸರಿಹೋಯಿತು ಅನ್ನಿಸುವುದು, ಮಳೆ ಬಂದು ನೆಲ ಮೆತ್ತಗಾದರೆ ಮತ್ತೆ ಮೊದಲಿಗೇ ಬರುವುದು. ಕೊನೆಗೆ ಅಂಜನಾಪುರದ ಸೈಟಿಗೂ ಹೋದ. ಅಲ್ಲಿ ಗಿಡಗಂಟಿಯ ನಡುವೆ ಜನ ಅಡ್ಡ ಹಾಯ್ದು ಹಾಯ್ದು ಒಂದು ಕಾಲುದಾರಿ ಸವೆದಿತ್ತು. ನೂರು ಜನ ತುಳಿದ ನೆಲವನ್ನು ನಂಬಬಹುದು. ಅದರ ಮೇಲೆ ಎಂಟು ದಿನ ಅಭ್ಯಾಸ ಮಾಡಿ, ಹಿಂದಿನ ಈಶಾನ್ಯ ಮೂಲೆಯ ತನಕ ಹೋಗಿಬಂದ. ಆಮೇಲೆಯೇ ಧೈರ್ಯ ಮಾಡಿ ಮುಹೂರ್ತ ಇಡಿಸಿದ. ಇಡಿಸುವಾಗ ಸುನಿತಾಗೆ ಒಂದು ಮಾತು ಹೇಳಿದ್ದ. ಅವತ್ತು ಆಗದಿದ್ದರೆ ಸೈಟು ಮಾರಿಬಿಡೋಣ, ಹತ್ತನೇ ಮಹಡಿಯಲ್ಲಿ ಒಂದು ಫ್ಲಾಟು ತಗೊಂಡು ಮಣ್ಣಿನ ಸಹವಾಸವೇ ಬೇಡ ಎಂದು ಇದ್ದುಬಿಡೋಣ. ಅಂಗಳ, ದಾಸವಾಳ, ಒಂದು ನುಗ್ಗೇಮರ ಎಂದು ಮೂರು ವರ್ಷದಿಂದ ಕನಸು ಕಾಣುತ್ತಿದ್ದವಳು ಹೂಂ ಅಂದಳು. ಗಂಡನ ಜೀವಕ್ಕಿಂತ ನುಗ್ಗೇಮರ ದೊಡ್ಡದಲ್ಲ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು.

ಶ್ರಾವಣದ ಸೋಮವಾರ ಬೆಳಿಗ್ಗೆ, ಹತ್ತೂವರೆಯೊಳಗೆ ಮುಹೂರ್ತ. ಕಾರಿನಿಂದ ಇಳಿದ ಸೋಮನಾಥ ಸೈಟನ್ನು ನೋಡಿದವನೇ ಕಲ್ಲಾದ.

ಕಾಲುದಾರಿಯೇ ಇರಲಿಲ್ಲ. ಮೇಸ್ತ್ರಿ ಮುನಿಯಣ್ಣ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹಿಂದಿನ ಸಂಜೆ ಜೆಸಿಬಿ ಕರೆಸಿ ಇಡೀ ಸೈಟು ಕ್ಲೀನ್ ಮಾಡಿಸಿದ್ದ. ಒಂದು ಹುಲ್ಲುಕಡ್ಡಿ ಬಿಡದೆ ಕೆರೆದು ಸಮ ಮಾಡಿದ ಹಸಿ ಮಣ್ಣು, ಈ ಬದಿಯಿಂದ ಆ ಬದಿಯವರೆಗೆ. ನೆಂಟರೆಲ್ಲ ಎಷ್ಟು ಚೆನ್ನಾಗಿದೆ ಎಂದರು. ಸೋಮನಾಥನ ಕಣ್ಣಿಗೆ ಅದು ಕೆದಕಿದ ನೆಲ. ಇಪ್ಪತ್ತು ವರ್ಷ ಅವನಿಗೆ ಕಲಿಸಿದ ಮೊದಲ ಪಾಠವೇ ಅದು: ಕೆದಕಿದ ನೆಲವನ್ನು ನಂಬಬೇಡ.

ಪೂಜೆ ಮಾಡಿಸಲು ಬಂದ ಅಯ್ಯನವರು ಈಶಾನ್ಯ ಮೂಲೆಯಲ್ಲಿ ವಿಭೂತಿ, ಬಿಲ್ವಪತ್ರೆ, ಅರಿಶಿನ ಕುಂಕುಮ ಹಚ್ಚಿದ ಗುದ್ದಲಿ ಇಟ್ಟುಕೊಂಡು ಕೂತಿದ್ದರು. ಮುನಿಯಣ್ಣ ಅವರ ಪಕ್ಕದಲ್ಲಿದ್ದ. ಯಜಮಾನರು ಮೊದಲು ಕಾಲಿಡಲಿ ಎಂದು ನೆಂಟರಿಷ್ಟರು ರೋಡಿನಲ್ಲೇ ಕಾದರು. ಸುನಿತಾ ಅವನ ಮುಖ ನೋಡಿದಳು. ಅಯ್ಯನವರು ಅಲ್ಲಿಗೆ ನಡೆದೇ ಹೋಗಿದ್ದಾರಲ್ಲಾ, ಏನೂ ಆಗಿಲ್ಲವಲ್ಲಾ ಎಂದು ಮೆಲ್ಲಗೆ ಹೇಳಿದಳು. ಅವತ್ತು ಹನ್ನೊಂದು ಜನ ದಾಟಿದಾಗಲೂ ಏನೂ ಆಗಿರಲಿಲ್ಲವಲ್ಲ ಎಂದ. ಬೂದಿಯಂತೆ ಬಿಳಿಚಿದ ಮುಖ. ಒಂಬತ್ತೂ ಐವತ್ತು ಆಯಿತು, ಹತ್ತಾಯಿತು. ನೆಂಟರು ಗುಸುಗುಸು ಶುರುಮಾಡಿದರು. ಇನ್ಯಾವ ಮೌಢ್ಯ ಬಂತಂತೆ ಎಂದು ಸಿದ್ದಗಂಗಮ್ಮ ಎಲ್ಲರಿಗೂ ಕೇಳುವಂತೆ ಕೇಳಿದರು. ಹತ್ತೂಕಾಲಿಗೆ ಸೋಮನಾಥ ಹೆಂಡತಿಯ ಕಡೆ ತಿರುಗಿದ, ಬ್ರೋಕರಿಗೆ ಫೋನ್ ಮಾಡು ಎಂದು ಹೇಳಲು ಬಾಯಿ ತೆರೆದ.

ಆಗಲೇ ಆಟೋ ಒಂದು ಬಂದು ನಿಂತಿತು. ಅದರಿಂದ ಮೊದಲು ಒಂದು ಕೋಲು ಇಳಿಯಿತು, ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನೊಳಗೆ ಬಗ್ಗದ ಒಂದು ಕಾಲು, ಆಮೇಲೆ ಶಶಿಕಾಂತ್. ಆಹ್ವಾನ ಪತ್ರಿಕೆಯನ್ನು ಸುನಿತಾ ಗಂಡನ ಫೋನಿನಲ್ಲಿದ್ದ ಎಲ್ಲರಿಗೂ ವಾಟ್ಸಾಪ್ ಮಾಡಿದ್ದಳು, ಬೇರೆ ಆಲೋಚನೆ ಏನೂ ಇರಲಿಲ್ಲ. ಸೋಮನಾಥನಿಗೆ ಓಡಿಹೋಗಬೇಕು ಅನ್ನಿಸಿತು. ಎಲ್ಲಿಗೆ ಓಡುತ್ತಾನೆ, ಹಿಂದೆ ನೆಂಟರು, ಮುಂದೆ ಮಣ್ಣು.

ಶಶಿಕಾಂತ್ ಬಂದು ಪಕ್ಕದಲ್ಲಿ ನಿಂತ. ನಮಸ್ಕಾರ, ಕ್ಷೇಮ ಸಮಾಚಾರ ಏನೂ ಇಲ್ಲ. ಸೈಟನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿದ. ಸೈನ್ಯದಲ್ಲಿ ಕೆಲಸ ಕಲಿಸಿದ ಹಿರಿಯರನ್ನು ಕರೆಯುವ ಹಾಗೇ ಕರೆದ.

"ಉಸ್ತಾದ್, ನೆಲ ಪೂರ್ತಿ ಕೆದಕಿಬಿಟ್ಟಿದಾರೆ."

ಅಷ್ಟು ಜನರಲ್ಲಿ ತನಗೆ ಕಂಡದ್ದು ಕಂಡವನು ಇವನೊಬ್ಬನೇ. ಸೋಮನಾಥನಲ್ಲಿ ನಾಲ್ಕು ವರ್ಷ ಒಳಗೇ ಕೊಳೆತದ್ದು ಹೊರಗೆ ಬಂತು.

"ಶಶಿ, ಅದು ನನ್ನ ಪಟ್ಟಿ ಒಳಗೇ ಇತ್ತು ಕಣೋ. ನಾನೇ ಬಿಟ್ಟುಬಿಟ್ಟೆ."

"ಹೌದು," ಅಂದ ಶಶಿಕಾಂತ್. "ಒಳಗೇ ಇತ್ತು, ನೀವೇ ಬಿಟ್ರಿ. ಸುಳ್ಳು ಯಾಕೆ, ಒಂದು ವರ್ಷ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದಿದೀನಿ. ಆಮೇಲೆ ನೋಡೋಕೂ ಬರ್ಲಿಲ್ಲ ಅಂತ ಬೈದೆ. ಕುಂಟನ ಮುಖ ನೋಡೋಕೆ ಅಸಹ್ಯವೇನೋ ಅಂದ್ಕೊಂಡೆ."

ಸೋಮನಾಥ ಅಲ್ಲ ಎಂದು ತಲೆಯಾಡಿಸಿದ.

"ಅದೇ ಪಟ್ಟಿ ಒಳಗೆ ನೀವು ಮೂವತ್ತೊಂದು ಬಾಂಬ್ ತೆಗೆದಿದ್ರಿ. ನನ್ನ ಹೊತ್ಕೊಂಡು ವಾಪಸ್ ಓಡಿದ್ದು ಅದೇ ದಾರೀಲಿ. ಆ ದಾರಿ ಇಲ್ದಿದ್ರೆ ನಾನು ಅಲ್ಲೇ ರಕ್ತ ಸುರಿದು ಸಾಯ್ತಿದ್ದೆ. ಇದು ನನಗೆ ಹೊಳೆಯೋಕೆ ಎರಡು ವರ್ಷ ಬೇಕಾಯ್ತು, ನಾನು ಸ್ವಲ್ಪ ದಡ್ಡ." ಅವನು ಕೋಲನ್ನು ಸುನಿತಾಳ ಕೈಗೆ ಕೊಟ್ಟು ಸೋಮನಾಥನ ಹೆಗಲು ಹಿಡಿದುಕೊಂಡ. "ಮುಂದೆ ನಡೀರಿ ಉಸ್ತಾದ್. ನೀವು ಕಾಲಿಟ್ಟ ಕಡೇನೇ ನಾನು ಕಾಲಿಡ್ತೀನಿ. ನನಗೆ ಉಳಿದಿರೋದು ಒಂದೇ ಕಾಲು. ಅದನ್ನ ನಿಮ್ಮನ್ನ ನಂಬಿ ತಂದಿದೀನಿ."

ಸೋಮನಾಥ ಚಪ್ಪಲಿ ಬಿಟ್ಟ. ಟಾರಿನ ಅಂಚಿಗೆ ಬಂದ. ಹೆಗಲ ಮೇಲಿನ ಕೈ ತೂಕವಾಗಿತ್ತು. ಆ ತೂಕ ಹೊತ್ತು ನಿಂತಿರುವುದು ಕಷ್ಟ, ನಡೆಯುವುದೇ ಸುಲಭ. ಬಲಗಾಲು ಎತ್ತಿ ಮಣ್ಣಿನ ಮೇಲಿಟ್ಟ. ಹಸಿ ಮಣ್ಣು ಬೆರಳುಗಳ ಸಂದಿಗೆ ಬಂತು, ತಣ್ಣಗಿತ್ತು. ಎರಡನೆಯ ಹೆಜ್ಜೆ. ಹಿಂದಿನಿಂದ ಶಶಿಕಾಂತನ ಬೂಟು ಅದೇ ಗುರುತಿನ ಮೇಲೆ ಊರಿತು. ಮೂರು, ನಾಲ್ಕು. ಏಳನೆಯದರಲ್ಲಿ ಮೊಣಕಾಲು ಬಿಗಿಯಿತು, ಕಣ್ಣು ಕತ್ತಲಿಟ್ಟಿತು. ಶಶಿಕಾಂತ್ ಮುಂದೆ ತಳ್ಳಲಿಲ್ಲ. ಉಸ್ತಾದನ ಹಿಂದೆ ತಾನೂ ನಿಂತ. ಸೋಮನಾಥ ಉಸಿರು ಎಳೆದುಕೊಂಡ, ಬಿಟ್ಟ, ಎಂಟನೆಯ ಹೆಜ್ಜೆ ಇಟ್ಟ. ಹದಿನೇಳಕ್ಕೆ ಈಶಾನ್ಯ ಮೂಲೆ ಬಂತು. ರೋಡಿನಲ್ಲಿ ಸಿದ್ದಗಂಗಮ್ಮ, ಪೂರ್ತಿ ಅರ್ಥವಾಗದಿದ್ದರೂ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅಯ್ಯನವರು ಮಂತ್ರ ಹೇಳಿ ಗುದ್ದಲಿ ಕೈಗಿಟ್ಟರು. ಮೂರು ಏಟು ಹಾಕಿದರೆ ಶಾಸ್ತ್ರ ಮುಗಿಯಿತು ಎಂದರು. ಸೋಮನಾಥ ಗುದ್ದಲಿ ಎತ್ತಿ ಮೊದಲ ಏಟು ಹಾಕಿದ.

ಟಣ್ ಎಂದಿತು.

ಗುದ್ದಲಿ ಅಲ್ಲೇ ನಿಂತಿತು. ಶಶಿಕಾಂತನ ಕೈ ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು, ಅವನಿಗೂ ಭಯ ಇಲ್ಲದೆ ಏನು. ಆದರೆ ಈ ಸಲ ಸೋಮನಾಥನ ಕೈಗಳು ಹೆದರಲಿಲ್ಲ. ಅವುಗಳಿಗೆ ಕೆಲಸ ಗೊತ್ತಿತ್ತು. ಮಂಡಿಯೂರಿ ಕೂತು, ಬೆರಳುಗಳಿಂದ ಸುತ್ತಲ ಮಣ್ಣನ್ನು ಮೆಲ್ಲಗೆ ಬಿಡಿಸಿದ, ಎಡದಿಂದ, ಬಲದಿಂದ, ಕೆಳಗಿನಿಂದ. ಒಂದು ನಿಮಿಷವಾದ ಮೇಲೆ ಮುಷ್ಟಿಗಾತ್ರದ ಒಂದು ಕಲ್ಲನ್ನು ಎತ್ತಿ ಶಶಿಕಾಂತನ ಮುಖದ ಮುಂದೆ ಹಿಡಿದ. ಇಬ್ಬರೂ ಅದನ್ನು ನೋಡಿದರು. ಮೊದಲು ಶಶಿಕಾಂತ್ ನಕ್ಕ, ಆಮೇಲೆ ಸೋಮನಾಥ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಯ್ಯನವರು ಗಾಬರಿಯಿಂದ ಮಂತ್ರ ಮರೆತರು.

ಎರಡನೆಯ ಏಟು ಬಿತ್ತು, ಮೂರನೆಯದೂ ಬಿತ್ತು. ಶಾಸ್ತ್ರ ಮುಗಿದಿತ್ತು. ಸೋಮನಾಥ ನಿಲ್ಲಿಸಲಿಲ್ಲ. ಪಂಚೆ ಎತ್ತಿ ಕಟ್ಟಿ ಅಗೆದ, ರೇಷ್ಮೆ ಶರ್ಟಿನ ಮೇಲೆಲ್ಲ ಕೆಂಪು ಮಣ್ಣು ಹಾರಿತು. ಮೊಣಕಾಲು ಆಳದ ಗುಂಡಿಯಾದ ಮೇಲೆ ಮುನಿಯಣ್ಣ ಕೈಮುಗಿದ.

"ಸಾರ್, ನಮ್ಮೋರಿಗೂ ಸ್ವಲ್ಪ ಕೆಲ್ಸ ಬಿಡಿ."

ಸೋಮನಾಥ ಗುದ್ದಲಿ ಊರಿ ಬೆನ್ನು ನೆಟ್ಟಗೆ ಮಾಡಿದ. ಏದುಸಿರು ಬಿಡುತ್ತಿದ್ದ. ಸುನಿತಾ ರೋಡಿನ ಅಂಚಿನಲ್ಲಿ ಶಶಿಕಾಂತನ ಕೋಲು ಹಿಡಿದು, ಅಳುತ್ತಾ ನಗುತ್ತಾ ನಿಂತಿದ್ದಳು. ಅವಳ ಪಕ್ಕದಲ್ಲಿ ಸಿರಿ, ಹಿಂದೆ ಎಲ್ಲರೂ. ಹದಿನೇಳು ಹೆಜ್ಜೆಯ ಗುರುತುಗಳಷ್ಟೇ ಅಲ್ಲ, ಯಾರೂ ತುಳಿಯದ ಉಳಿದ ಮಣ್ಣನ್ನೂ ಒಮ್ಮೆ ಪೂರ್ತಿ ನೋಡಿದ. ಆಮೇಲೆ ಕೈ ಎತ್ತಿ, ಆ ಬೀದಿಗೆಲ್ಲ ಕೇಳುವ ಹಾಗೆ ಕರೆದ.

"ಬನ್ನಿ, ಎಲ್ಲಾರೂ ಒಳಗೆ ಬನ್ನಿ. ಎಲ್ಲಿ ಬೇಕಾದ್ರೂ ಕಾಲಿಡಿ."